ಗಫ್‌ಮನ್‌ಗೆ ಕಾದಿಟ್ಟ ಕುರ್ಚಿ

ಅಮೆರಿಕದ ಒಂದು ಚಿಕ್ಕ ಊರಿಗೆ 150 ವರ್ಷ ತುಂಬುತ್ತದೆ. ಊರಿನವರೇ ಸೇರಿ ಒಂದು ಸಂಗೀತ ನಾಟಕ ಆಡಬೇಕು ಅಂತ ಆಗುತ್ತದೆ. ಯಾರು ಆಡೋದು? ಹಲ್ಲಿನ ಡಾಕ್ಟರು, ಟ್ರಾವೆಲ್ ಏಜೆನ್ಸಿ ನಡೆಸುವ ಗಂಡ ಹೆಂಡತಿ, ಡೈರಿ ಕ್ವೀನ್‌ನಲ್ಲಿ ಐಸ್‌ಕ್ರೀಮ್ ಕೊಡುವ ಹುಡುಗಿ, ಗಾಡಿ ರಿಪೇರಿ ಮಾಡುವ ಒಬ್ಬ ಹುಡುಗ, ಜೊತೆಗೆ ಒಬ್ಬ ರಿಟೈರ್ ಆದ ಅಜ್ಜ. ಆ ಅಜ್ಜನ ಕಸುಬು ಸತ್ತ ಪ್ರಾಣಿಗಳ ಚರ್ಮದೊಳಗೆ ಹುಲ್ಲು ಗಿಲ್ಲು ತುಂಬಿಸಿ ಬದುಕಿದ್ದ ಹಾಗೆ ನಿಲ್ಲಿಸೋದು. 1996ರ 'ವೇಟಿಂಗ್ ಫಾರ್ ಗಫ್‌ಮನ್' ಸಿನಿಮಾದ ಕಥೆ ಹೆಚ್ಚುಕಡಿಮೆ ಇಷ್ಟೇ. ನಾನು ಇದನ್ನು ಎಷ್ಟು ಸಲ ನೋಡಿದ್ದೀನಿ ಅಂತ ಮನೆಯಲ್ಲಿ ಕೇಳಬೇಡಿ.

ನಿರ್ದೇಶಕ ಕ್ರಿಸ್ಟೋಫರ್ ಗೆಸ್ಟ್. ನಾಟಕದ ಡೈರೆಕ್ಟರು ಕಾರ್ಕಿ ಸೇಂಟ್ ಕ್ಲೇರ್ ಪಾತ್ರ ಮಾಡಿರೋದೂ ಅವನೇ. ಬರೆದಿದ್ದು ಅವನು ಮತ್ತು ಹಲ್ಲಿನ ಡಾಕ್ಟರ ಪಾತ್ರ ಮಾಡಿರುವ ಯೂಜೀನ್ ಲೆವಿ. ಬರೆದಿದ್ದು ಅಂದರೆ ಪೂರ್ತಿ ಬರೆದಿದ್ದಲ್ಲ. ಯಾವ ದೃಶ್ಯದಲ್ಲಿ ಏನಾಗಬೇಕು ಅನ್ನೋದು ಮಾತ್ರ ಕಾಗದದ ಮೇಲಿತ್ತು. ಮಾತನ್ನೆಲ್ಲ ನಟರು ಕ್ಯಾಮೆರಾ ಮುಂದೆ ಅಲ್ಲೇ ಹುಟ್ಟಿಸಿಕೊಂಡು ಆಡಿದರು. ಮಿಸ್ಸೋರಿ ರಾಜ್ಯದ ಬ್ಲೇನ್ ಅಂತ ಸಿನಿಮಾದಲ್ಲಿ ಹೇಳೋ ಊರು ಎಲ್ಲೂ ಇಲ್ಲ. ಶೂಟಿಂಗ್ ಆಗಿದ್ದು ಟೆಕ್ಸಸ್‌ನ ಲಾಕ್‌ಹಾರ್ಟ್‌ನಲ್ಲಿ. ಗಂಟೆಗಟ್ಟಲೆ ತೆಗೆದ ಫಿಲ್ಮನ್ನು ಕತ್ತರಿಸಿ ಕತ್ತರಿಸಿ ಒಂದೂವರೆ ಗಂಟೆಗಿಂತ ಕಮ್ಮಿಗೆ ಇಳಿಸಿದ್ದಾರೆ.

ಇದು ಮಾಕ್ಯುಮೆಂಟರಿ, ಅಂದರೆ ಸಾಕ್ಷ್ಯಚಿತ್ರದ ವೇಷ ಹಾಕಿಕೊಂಡ ಕಟ್ಟುಕಥೆ. ಇದರಲ್ಲಿ ಯಾರೂ ಜೋಕು ಹೇಳೋದಿಲ್ಲ. ಎಲ್ಲರೂ ಬಹಳ ಸೀರಿಯಸ್ಸಾಗಿ ತಮ್ಮ ಬಗ್ಗೆ ಮಾತಾಡುತ್ತಾರೆ. ಹಲ್ಲಿನ ಡಾಕ್ಟರನ್ನೇ ತಗೊಳ್ಳಿ. ಸ್ಕೂಲಲ್ಲಿ ಎಲ್ಲರನ್ನೂ ನಗಿಸುವವರು ನೀವೇ ಇರಬೇಕು ಅಲ್ವಾ ಅಂತ ಜನ ಕೇಳ್ತಾರಂತೆ. ಇಲ್ಲ, ನಾನು ನಗಿಸುವವನ ಪಕ್ಕ ಕೂರ್ತಿದ್ದೆ, ಅವನನ್ನು ಅಭ್ಯಾಸ ಮಾಡಿದೆ ಅನ್ನುತ್ತಾನೆ. ಹೇಳಿಬಿಟ್ಟು ಸುಮ್ನೆ ಕೂರುತ್ತಾನೆ. ಕ್ಯಾಮೆರಾ ಅಲ್ಲೇ ಇನ್ನೊಂದು ಕ್ಷಣ ನಿಂತಿರುತ್ತದೆ. ಆ ಒಂದು ಕ್ಷಣದಲ್ಲಿ ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬರುತ್ತದೆ. ಮಾಮೂಲಿ ಹಾಸ್ಯ ಸಿನಿಮಾದಲ್ಲಾದರೆ ಎದುರಿಗಿದ್ದವನು ಒಂದು ಮಾತು ಚುಚ್ಚಿ ಆ ಜಾಗ ತುಂಬಿಸಿಬಿಡುತ್ತಿದ್ದ. ಇಲ್ಲಿ ಚುಚ್ಚುವವರು ಯಾರೂ ಇಲ್ಲ.

ಟ್ರಾವೆಲ್ ಏಜೆಂಟ್ ದಂಪತಿ ರಾನ್ ಮತ್ತು ಶೀಲಾ ಇನ್ನೂ ಒಂದು ಕೈ ಮೇಲೆ. ಫ್ರೆಡ್ ವಿಲ್ಲರ್ಡ್ ಮತ್ತು ಕ್ಯಾಥರಿನ್ ಒಹಾರಾ. ಊರವರನ್ನೆಲ್ಲ ದೇಶ ವಿದೇಶಕ್ಕೆ ಕಳಿಸುವ ಇವರು ಊರು ಬಿಟ್ಟು ಹೋದವರೇ ಅಲ್ಲ. ರಾನ್‌ಗೆ ಒಂದು ಆಪರೇಷನ್ ಆದಾಗ ಹೋಗಿದ್ದು ಬಿಟ್ಟರೆ. ಏನು ಆಪರೇಷನ್ ಅಂತ ನೀವೇ ನೋಡಿ, ನಾನಿಲ್ಲಿ ಬರೆಯಲ್ಲ. ಇಬ್ಬರೂ ಒಂದೇ ಥರದ ಟ್ರ್ಯಾಕ್‌ಸೂಟ್ ಹಾಕಿಕೊಂಡು ಆಡಿಷನ್‌ಗೆ ಬರುತ್ತಾರೆ. ಮರುಭೂಮಿಯ ಒಂದು ಪ್ರೇಮಗೀತೆ ಹಾಡುತ್ತಾರೆ, ನಡುವೆ ಹಾಡು ನಿಲ್ಲಿಸಿ ಟಿವಿ ಜಾಹೀರಾತಿನ ಥರ ಕಾಫಿಯ ಬಗ್ಗೆ ಮಾತಾಡಿಕೊಳ್ಳುತ್ತಾರೆ, ಮತ್ತೆ ಹಾಡುತ್ತಾರೆ. ಯಾಕೆ ಕಾಫಿ? ಗೊತ್ತಿಲ್ಲ. ಆದರೆ ಮನೆಯಲ್ಲಿ ಎಷ್ಟು ರಾತ್ರಿ ಕೂತು ಇದನ್ನು ಪ್ರಾಕ್ಟೀಸ್ ಮಾಡಿದ್ದಾರೆ ಅನ್ನೋದು ಕಣ್ಣಿಗೆ ಹೊಡೆಯುತ್ತದೆ.

ನಾನು ತಿಪಟೂರು ಕಡೆಯವನು. ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡದ ಊರಿಲ್ಲ. ಪಾತ್ರ ಬೇಕಾದವರೇ ದುಡ್ಡು ಹಾಕಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ರೇಟು ಜಾಸ್ತಿ, ದ್ವಾರಪಾಲಕನಿಗೆ ಕಮ್ಮಿ. ಹಾರ್ಮೋನಿಯಂ ನುಡಿಸುವ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಇದ್ದು ಕಂದಪದ್ಯ ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ನನಗೆ ಕಂಠ ಇಲ್ಲ, ಹಾಗಾಗಿ ಸೈಡ್‌ವಿಂಗ್‌ನಲ್ಲಿ ಪುಸ್ತಕ ಹಿಡಿದು ನಿಂತು ಮಾತು ಹೇಳಿಕೊಡುವ ಕೆಲಸ ನನ್ನದಾಗಿತ್ತು. ಕೊಬ್ಬರಿ ವ್ಯಾಪಾರದ ನಮ್ಮ ಚಿಕ್ಕಪ್ಪ ಶಕುನಿ. ಸ್ಟೇಜಿಗೆ ಹೋಗುವ ಮುಂಚೆ ಅವರ ಕೈ ನಡುಗೋದನ್ನು ಪಕ್ಕದಿಂದ ನೋಡಿದ್ದೀನಿ. ಸಂತೆಯಲ್ಲಿ ಲಾರಿಗಟ್ಟಲೆ ಮಾಲಿಗೆ ಬೆಲೆ ಕಟ್ಟುವಾಗ ನಡುಗದ ಕೈ ಅದು. ಪ್ರೇಕ್ಷಕರಿಗೆ ಅದು ಕಾಣಲ್ಲ. ಈ ಸಿನಿಮಾ ಪೂರ್ತಿ ಸೈಡ್‌ವಿಂಗ್‌ನಿಂದ ನೋಡಿದ ಹಾಗಿದೆ, ಅದಕ್ಕೇ ನನಗೆ ಇದು ಇಷ್ಟು ಹಿಡಿಸಿರೋದು ಅಂತ ಕಾಣುತ್ತೆ.

ಅದರಲ್ಲೂ ಲಾಯ್ಡ್ ಮಿಲ್ಲರ್. ಬಾಬ್ ಬ್ಯಾಲಬನ್ ಮಾಡಿರುವ ಹೈಸ್ಕೂಲ್ ಸಂಗೀತ ಮೇಷ್ಟ್ರ ಪಾತ್ರ. ಸಂಗೀತ ಗೊತ್ತಿರೋದು ಇವರೊಬ್ಬರಿಗೇ. ಮೆರೆಯೋದು ಕಾರ್ಕಿ. ಲಾಯ್ಡ್ ಮಾತ್ರ ಒಂದು ಕೆಟ್ಟ ಮಾತಾಡಲ್ಲ. ಬಾಯಿ ಬಿಗಿಹಿಡಿದು, ಕನ್ನಡಕದ ಹಿಂದಿನಿಂದ ಸುಮ್ನೆ ನೋಡುತ್ತಾರೆ. ದುಡ್ಡಿನ ಜಗಳದಲ್ಲಿ ಕಾರ್ಕಿ ಕೋಪ ಮಾಡಿಕೊಂಡು ಮನೆಗೆ ಹೋದಾಗ ಡೈರೆಕ್ಟರ್ ಕುರ್ಚಿ ಇವರಿಗೆ ಸಿಗುತ್ತದೆ. ಆಗ ಅವರ ಮುಖದಲ್ಲಿ ಬರುವ ಕಳೆ ನೋಡಬೇಕು. ಅಷ್ಟರಲ್ಲಿ ನಟರೆಲ್ಲ ಹೋಗಿ ಕಾರ್ಕಿಯನ್ನು ಬೇಡಿಕೊಂಡು ವಾಪಸ್ ಕರೆತರುತ್ತಾರೆ. ಚಿಕ್ಕಪ್ಪನಿಗೆ ಒಂದು ಭಾನುವಾರ ಈ ಸಿನಿಮಾ ತೋರಿಸಿದೆ, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ. ನಾನು ನಕ್ಕ ಕಡೆ ಅವರು ನಗಲಿಲ್ಲ. ಈ ಜಾಗದಲ್ಲಿ ಮಾತ್ರ, "ಆ ಮೇಷ್ಟ್ರಿಗೆ ದುಡ್ಡಾದ್ರೂ ಸರಿಯಾಗಿ ಕೊಟ್ರೇನೋ?" ಅಂತ ಕೇಳಿದರು.

ಆ ದುಡ್ಡಿನ ಜಗಳವನ್ನೂ ಹೇಳಿಬಿಡ್ತೀನಿ. ನ್ಯೂಯಾರ್ಕಿನಿಂದ ಮಾರ್ಟ್ ಗಫ್‌ಮನ್ ಅನ್ನುವ, ನಾಟಕ ಪ್ರೊಡ್ಯೂಸ್ ಮಾಡುವ ಕಂಪನಿಯ ದೊಡ್ಡ ಮನುಷ್ಯರೊಬ್ಬರು ನಾಟಕ ನೋಡೋಕೆ ಬರ್ತಾರೆ ಅಂತ ಗೊತ್ತಾಗುತ್ತದೆ. ಕಾರ್ಕಿ ನೇರ ಊರಿನ ಕೌನ್ಸಿಲ್ ಸಭೆಗೆ ಹೋಗಿ ಒಂದು ಲಕ್ಷ ಡಾಲರ್ ಕೇಳುತ್ತಾನೆ. ಇಡೀ ಊರಿನ ವರ್ಷದ ಬಜೆಟ್ಟೇ 15 ಸಾವಿರ! ಇವನ ಹಿಂದಿನ ನಾಟಕ ಯಾವುದು ಅಂತೀರಿ? ಬೆಂಕಿ ಆರಿಸುವವರ ಬಗ್ಗೆ ಬಂದಿದ್ದ ಒಂದು ಹಾಲಿವುಡ್ ಸಿನಿಮಾವನ್ನೇ ಸ್ಟೇಜಿಗೆ ತಂದಿದ್ದ. ಬೆಂಕಿಯ ಬಿಸಿ ಪ್ರೇಕ್ಷಕರಿಗೂ ತಟ್ಟಬೇಕು ಅಂತ ಅವನ ಆಸೆ. ತಟ್ಟಿತು, ಥಿಯೇಟರಿಗೂ ತಟ್ಟಿತು. ಇಂಥವನಿಗೆ ಯಾವ ಕೌನ್ಸಿಲ್ಲು ದುಡ್ಡು ಕೊಡುತ್ತೆ ಹೇಳಿ?

ನಾಟಕದ ರಾತ್ರಿ ಬಂದಾಗ ಸಿನಿಮಾ ತನ್ನ ವರಸೆ ಬದಲಿಸುತ್ತದೆ. ಅಲ್ಲಿವರೆಗೂ ನಿಮಿಷಕ್ಕೊಮ್ಮೆ ಯಾರಾದರೂ ಕ್ಯಾಮೆರಾ ಮುಂದೆ ಬಂದು ಮಾತಾಡ್ತಿದ್ದರು. ಈಗ ಅದು ನಿಂತುಬಿಡುತ್ತದೆ. 'ರೆಡ್, ವೈಟ್ ಅಂಡ್ ಬ್ಲೇನ್' ಅನ್ನುವ ಆ ನಾಟಕವನ್ನು ನಾವೂ ಊರವರ ಜೊತೆ ಕೂತು ನೋಡುತ್ತೇವೆ. ಊರು ಕಟ್ಟಿದ ಬ್ಲೇನ್ ಫೇಬಿನ್ ತನ್ನ ಜನರನ್ನು ಕ್ಯಾಲಿಫೋರ್ನಿಯಾಕ್ಕೆ ಅಂತ ಕರೆದುಕೊಂಡು ಹೊರಟವನು. ಗಾಳಿಯಲ್ಲಿ ಉಪ್ಪಿನ ವಾಸನೆ ಬರ್ತಿದೆ, ಸಮುದ್ರ ಬಂತು ಅಂತ ದೇಶದ ನಟ್ಟನಡುವೆಯೇ ನಿಲ್ಲಿಸಿಬಿಟ್ಟ. ಆಮೇಲೆ ಪ್ರೆಸಿಡೆಂಟ್ ಮೆಕಿನ್ಲಿ ಬಂದಾಗ ಒಂದು ಸ್ಟೂಲ್ ಉಡುಗೊರೆ ಕೊಟ್ಟರು, ಊರು ಸ್ಟೂಲ್ ಮಾಡೋದರಲ್ಲೇ ಹೆಸರಾಯಿತು. 1946ರಲ್ಲಿ ಹಾರುವ ತಟ್ಟೆ ಬಂದಿಳಿಯಿತು. ಇದಕ್ಕೆಲ್ಲ ಹಾಡುಗಳಿವೆ. ಸ್ಟೂಲಿಗೂ ಹಾಡಿದೆ.

ಮಜಾ ಏನಂದ್ರೆ ಹಾಡುಗಳು ಚೆನ್ನಾಗಿವೆ. ಗೆಸ್ಟ್ ಜೊತೆ ಮೈಕೆಲ್ ಮೆಕೀನ್, ಹ್ಯಾರಿ ಶಿಯರರ್ ಸೇರಿ ಮಾಡಿದ್ದು. ಈ ಮೂವರೂ 1984ರ 'ದಿಸ್ ಈಸ್ ಸ್ಪೈನಲ್ ಟ್ಯಾಪ್'ನಲ್ಲಿ ರಾಕ್ ಬ್ಯಾಂಡಿನವರ ಪಾತ್ರ ಮಾಡಿದವರು. ಕೆಟ್ಟ ಹಾಡು ಬರೆದು ನಗಿಸೋದು ಸುಲಭ. ಇವರು ಬರೆದಿರೋದು ಆ ಊರಿನ ಅಳತೆಗೆ ಹೊಲಿದ ಹಾಡು. ಕೊನೇ ಗಳಿಗೆಯಲ್ಲಿ ಆ ರಿಪೇರಿ ಹುಡುಗ ಕೈಕೊಡುತ್ತಾನೆ, ಅವನ ಪಾತ್ರಕ್ಕೂ ಕಾರ್ಕಿಯೇ ಇಳಿಯಬೇಕಾಗುತ್ತದೆ. ಐಸ್‌ಕ್ರೀಮ್ ಹುಡುಗಿ ಲಿಬ್ಬಿ ಜೊತೆ ಯುಗಳಗೀತೆ ಹಾಡುತ್ತಾನೆ. ಪಾರ್ಕರ್ ಪೋಸಿ ಆ ಹುಡುಗಿ. ಹೀರೋ ಆಗೋ ವಯಸ್ಸಲ್ಲ, ಜೋಡಿಯೂ ಹೊಂದಲ್ಲ, ಆದರೂ ಹಾಡು ಗೆಲ್ಲುತ್ತದೆ. ಸಭೆಯಲ್ಲಿ ಕೂತ ಜನ ನಿಜವಾಗಿ ಖುಷಿಪಡುತ್ತಾರೆ. ಅವರಿಗೆ ಇದು ತಮ್ಮ ಊರಿನ ಚರಿತ್ರೆ, ತಮ್ಮ ಹಲ್ಲಿನ ಡಾಕ್ಟರು. ಆ ಊರಿಗೆ ಆ ರಾತ್ರಿ ಅಷ್ಟು ನಾಟಕ ಸಾಕಾಗಿತ್ತು.

ಇದನ್ನು ಕೆಡಿಸಿದ್ದು ಯಾರು? ಗಫ್‌ಮನ್. ಅವನಿಗೆ ಅಂತ ಒಂದು ಕುರ್ಚಿ ಕಾದಿಟ್ಟಿರುತ್ತಾರೆ. ಪರದೆ ಏಳುವಾಗ ಅದು ಖಾಲಿ. ಆಮೇಲೆ ಯಾರೋ ಬಂದು ಕೂರುತ್ತಾರೆ, ಒಳಗೆ ಎಲ್ಲರಿಗೂ ಜೀವ ಬರುತ್ತದೆ. ನಾಟಕ ಮುಗಿದ ಮೇಲೆ ನೋಡಿದರೆ ಆತ ಸಂಬಂಧಿಕರ ಮಗು ನೋಡೋಕೆ ಊರಿಗೆ ಬಂದಿದ್ದ ಬೇರೆ ಯಾರೋ. ನ್ಯೂಯಾರ್ಕಿನಲ್ಲಿ ಹಿಮ ಬಿದ್ದು ಗಫ್‌ಮನ್‌ನ ವಿಮಾನ ಹೊರಟೇ ಇಲ್ಲ. ನಟನೆ ಬರದವರನ್ನು ತೋರಿಸಿ ನಗಿಸುವ ಸಿನಿಮಾ ಇದು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕ ಬೇರೆ. ಊರಿಗಾಗಿ ಆಡ್ತಿದ್ದವರು ಒಂದು ಕುರ್ಚಿಗಾಗಿ ಆಡೋಕೆ ಶುರು ಮಾಡಿದರು. ನಗು ಬರೋದೂ ಅಲ್ಲೇ, ಸಂಕಟ ಆಗೋದೂ ಅಲ್ಲೇ. ನಮ್ಮ ಕುರುಕ್ಷೇತ್ರದಲ್ಲೂ ಬೆಂಗಳೂರಿಂದ ಯಾರೋ ಬರ್ತಾರೆ ಅಂತಾದರೆ ಸಾಕು, ಹದಿನೈದು ವರ್ಷ ಭೀಮ ಮಾಡಿದವರೂ ಪದ್ಯ ಮರೆಯುತ್ತಿದ್ದರು.

ಸಿನಿಮಾದಲ್ಲಿ ನನಗೆ ಹಿಡಿಸದ್ದೂ ಇದೆ. ಕಾರ್ಕಿಯ ನಡೆ, ಮಾತು, ಯಾರೂ ನೋಡೇ ಇರದ ಅವನ ಹೆಂಡತಿ, ಅವಳಿಗೆ ಅಂತ ಅವನೇ ಕೊಳ್ಳುವ ಬಟ್ಟೆ. ಅವನು ಗೇ, ಊರಿಗೆ ಅದು ಹೊಳೆಯೋದೇ ಇಲ್ಲ ಅನ್ನುವ ಈ ಒಂದೇ ಜೋಕನ್ನು ಎಷ್ಟು ಸಲ ಎಳೆಯುತ್ತಾರೆ! ಅವತ್ತಿಗೆ ನಡೀತೇನೋ, ಈಗ ಹಳಸಿದೆ. ಆದರೆ ಗೆಸ್ಟ್ ಆ ಪಾತ್ರವನ್ನು ಗೇಲಿಗೆ ಬಿಟ್ಟುಕೊಡಲಿಲ್ಲ. ಕಾರ್ಕಿ ಕೆಲಸಗಾರ. ಯಾರೂ ಕೈಹಾಕದ ಜನರನ್ನು ಸ್ಟೇಜಿಗೆ ಹತ್ತಿಸಿದ್ದು ಅವನೇ.

ಕೊನೆಯಲ್ಲಿ ಒಬ್ಬೊಬ್ಬರೂ ಎಲ್ಲಿಗೆ ಹೋದರು ಅಂತ ತೋರಿಸುತ್ತಾರೆ. ಡಾಕ್ಟರು ಹಲ್ಲಿನ ಕೆಲಸ ಬಿಟ್ಟು ಮಯಾಮಿಯಲ್ಲಿ ವಯಸ್ಸಾದವರ ಮುಂದೆ ಹಾಡ್ತಿದ್ದಾರೆ. ರಾನ್, ಶೀಲಾ ಲಾಸ್ ಏಂಜಲೀಸ್‌ನಲ್ಲಿ ಎಕ್ಸ್‌ಟ್ರಾಗಳು. ಲಿಬ್ಬಿ ಬೇರೆ ಊರಿನ ಡೈರಿ ಕ್ವೀನ್‌ನಲ್ಲಿ. ಕಾರ್ಕಿ ನ್ಯೂಯಾರ್ಕಿನಲ್ಲಿ ಸಿನಿಮಾ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಇಬ್ಬರು ಊಟದ ಮೇಜಿನಲ್ಲಿ ಕೂತು ಮಾತಾಡೋದು ಬಿಟ್ಟರೆ ಇನ್ನೇನೂ ನಡೆಯದ ಒಂದು ಸಿನಿಮಾ ಇದೆ, ಅದರ ಬೊಂಬೆಗಳನ್ನು ಮಕ್ಕಳ ಆಟಕ್ಕೆ ಅಂತ ಮಾರುತ್ತಾನೆ. ಬೊಂಬೆಗಳನ್ನು ಕೈಯಲ್ಲಿ ಹಿಡಿದು ಆಡಿಸಿಯೂ ತೋರಿಸುತ್ತಾನೆ. ಇದನ್ನು ಯಾರು ಕೊಳ್ಳುತ್ತಾರೋ ದೇವರಿಗೇ ಗೊತ್ತು. ಸಿಕ್ಕರೆ ನಾನಂತೂ ಒಂದು ಜೊತೆ ತಗೋತೀನಿ.