ಅಮ್ಮನ ಪೆಡಿಕ್ಯೂರ್

16 ನವೆಂಬರ್ 2025, ಭಾನುವಾರ
ಹನುಮಂತನಗರ, ಬೆಂಗಳೂರು

ಮುಂದಿನ ವಾರ ಚಿಕ್ಕಮ್ಮನ ಮೊಮ್ಮಗಳ ಮದುವೆ. ಅಮ್ಮನಿಗೆ ಕಾಲು, ಹುಬ್ಬು ಎರಡನ್ನೂ ಸರಿ ಮಾಡಿಸಿಕೊಳ್ಳುವ ಆಸೆ. ಆದರೆ ನಮ್ಮ ಬೀದಿಯ ಪಾರ್ಲರ್ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಅಮ್ಮನ ಮಂಡಿ ಅಷ್ಟು ಮೆಟ್ಟಿಲಿಗೆ ಒಪ್ಪುವುದಿಲ್ಲ. ಪಾರ್ಲರ್ ಕೆಲಸದ ಹುಡುಗಿಯನ್ನು ಆಪ್‌ನಲ್ಲಿ ಬುಕ್ ಮಾಡಿ ಮನೆಗೇ ಕರೆಸಿದೆ. "ಗುರುತು ಪರಿಚಯ ಇಲ್ದೋರನ್ನ ರೂಮೊಳಗೆ ಬಿಟ್ಕೊಳ್ಳೋದಾ?" ಅಂತ ಅಮ್ಮ ನಿನ್ನೆ ರಾತ್ರಿಯಿಂದ ರಾಗ ಎಳೆಯುತ್ತಿದ್ದರು. ಆಧಾರ್ ನೋಡಿ, ಹಿನ್ನೆಲೆ ವಿಚಾರಿಸಿ, ತರಬೇತಿ ಕೊಟ್ಟೇ ಕಳಿಸುತ್ತಾರಂತೆ, ಹೆಸರಿನ ಪಕ್ಕ ಟಿಕ್ ಮಾರ್ಕ್ ಕೂಡ ಇದೆ ಅಂದೆ. ನಿಜ ಹೇಳಬೇಕೆಂದರೆ ಆ ಟಿಕ್ ಮಾರ್ಕ್ ಮೇಲೆ ನನಗೂ ಅಂಥಾ ನಂಬಿಕೆಯೇನಿಲ್ಲ. ಬರುವವರು ಯಾರು ಅಂತ ಅದರಿಂದ ಗೊತ್ತಾಗಬಹುದು, ಕೆಲಸ ಹೇಗೆ ಅಂತ ಗೊತ್ತಾಗುವುದಿಲ್ಲ.

ಹುಡುಗಿ ಹೇಳಿದ ಹೊತ್ತಿಗೆ ಬಂದಳು. ಬೆನ್ನಿಗೊಂದು ದೊಡ್ಡ ಬ್ಯಾಗು, ಸ್ಕೂಟಿಯ ಕಾಲಿಡುವ ಜಾಗದಲ್ಲಿ ಇನ್ನೊಂದು. ಓಟಿಪಿ ತೆಗೆದುಕೊಂಡಳು, ನೆಲಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿದಳು. ಇನ್ನೇನು ನೀರು ಕೇಳುತ್ತಾಳೆ ಅಂದುಕೊಂಡರೆ, ಅಮ್ಮನ ಎದುರು ಕೂತು "ಅಮ್ಮ, ನಿಮಗೆ ಶುಗರ್ ಇದೆಯಾ?" ಅಂದಳು.

"ಅಯ್ಯೋ, ಎಷ್ಟೋ ವರ್ಷದಿಂದ ಇದೆ ಕಣಮ್ಮ."

"ಪಾದ ಜೋಮು ಹಿಡಿಯುತ್ತಾ? ಬಿಸಿ, ಚುಚ್ಚಿದ್ದು ಎಲ್ಲ ಗೊತ್ತಾಗುತ್ತಾ? ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?"

ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಬೆರಳಿನ ಸಂದಿ ಬಿಡಿಸಿ ನೋಡಿದಳು. ಹಿಮ್ಮಡಿ ಕೆರೆಯುವುದು ನಾನು ಬುಕ್ ಮಾಡಿದ ಪ್ಯಾಕೇಜಿನಲ್ಲೇ ಇತ್ತು. "ಇವರಿಗೆ ಬ್ಲೇಡ್ ಬೇಡ ಮೇಡಂ, ಬಿಸಿನೀರಲ್ಲಿ ಜಾಸ್ತಿ ಹೊತ್ತು ಇಡೋದೂ ಬೇಡ" ಅಂದುಬಿಟ್ಟಳು. ಸಕ್ಕರೆ ಕಾಯಿಲೆಯವರಲ್ಲಿ ಪಾದದ ನರಗಳು ಮಂಕಾಗಿದ್ದರೆ ನೀರು ಸುಡುತ್ತಿರುವುದೂ ತಿಳಿಯುವುದಿಲ್ಲ, ಸಣ್ಣ ಗೀರು ಬಿದ್ದರೂ ಗಮನಕ್ಕೆ ಬರದೆ ಹುಣ್ಣಾಗಿ ಕೀವಾಗುವವರೆಗೂ ಹೋಗಬಹುದು. ಡಾಕ್ಟರು ಹೇಳಿದ್ದ ಈ ಮಾತನ್ನು ನಮ್ಮ ಮನೆ ನಡುಮನೆಯಲ್ಲಿ ಪಾರ್ಲರ್ ಹುಡುಗಿಯ ಬಾಯಲ್ಲಿ ಕೇಳುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಮೊಣಕೈ ಅದ್ದಿ ನೀರಿನ ಬಿಸಿ ನೋಡಿ, ಸ್ವಲ್ಪವೇ ಹೊತ್ತು ಕಾಲು ಇಡಿಸಿ, ಉಗುರನ್ನು ಮೂಲೆ ಬಗೆಯದೆ ನೇರಕ್ಕೆ ಕತ್ತರಿಸಿದಳು. ಸಂದಿಗಳನ್ನು ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿದಳು. ಹಿಮ್ಮಡಿಗೆಲ್ಲ ಕ್ರೀಮ್ ಹಚ್ಚಿದಳು, ಬೆರಳ ಸಂದಿಗೆ ಮಾತ್ರ ಇಲ್ಲ, ಅಲ್ಲಿ ಪಸೆ ನಿಂತರೆ ಫಂಗಸ್ ಬರುತ್ತದಂತೆ. ಹುಬ್ಬಿಗೆ ದಾರ ತೆಗೆದಾಗ ಅಮ್ಮನಿಗೆ ಇನ್ನೊಂದು ಅಚ್ಚರಿ. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಲಿಲ್ಲ, ಕುತ್ತಿಗೆಗೆ ಸುತ್ತಿಕೊಂಡು ಎಳೆದಳು.

ಕೂದಲಿಗೆ ಬಣ್ಣವನ್ನೂ ಹಾಕಿಬಿಡಮ್ಮ ಅಂದರೆ ಅದಕ್ಕೂ ತಕ್ಷಣ ಒಪ್ಪಲಿಲ್ಲ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ, ಮುಖವೇ ಊದಿಕೊಳ್ಳುತ್ತದೆ. ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ, ಎರಡು ದಿನ ನೋಡಿ ಅಂದಳು.

ಕಾಫಿ ಕುಡಿಯುವಾಗ ಮಾತು ಬಂತು. ಇವರಿಗೆ ಸಂಬಳ ಇಲ್ಲ, ಕಂಪನಿ ಲೆಕ್ಕದಲ್ಲಿ ಇವರು 'ಪಾರ್ಟ್ನರ್'. ಸಾಮಾನನ್ನು ತಾವೇ ಕೊಳ್ಳಬೇಕು, ಪ್ರತಿ ಕೆಲಸದಲ್ಲೂ ಕಮಿಷನ್ ಕಟ್ ಆಗುತ್ತದೆ, ಆಪ್‌ನಲ್ಲಿ ಗಿರಾಕಿಗಳು ಕೊಡುವ ಸ್ಟಾರ್ ಇಳಿದರೆ ಬುಕಿಂಗೂ ಇಳಿಯುತ್ತದೆ. ಅಂದರೆ ಪ್ಯಾಕೇಜಿನಲ್ಲಿ ಇದ್ದದ್ದನ್ನು "ಬೇಡ" ಅನ್ನುವ ಹುಡುಗಿ ತನ್ನ ಸ್ಟಾರನ್ನು ಪಣಕ್ಕಿಟ್ಟೇ ಅನ್ನಬೇಕು, ಅಲ್ವಾ? ದುಡ್ಡು ಕೊಟ್ಟೂ ಹಿಮ್ಮಡಿ ಕೆರೆಯಲಿಲ್ಲ ಅಂತ ಎರಡು ಸ್ಟಾರ್ ಒತ್ತುವ ಗಿರಾಕಿಗಳಿಗೇನೂ ಬರವಿಲ್ಲ. ಇಂಥ ಕೆಲಸದ ಹೆಣ್ಣುಮಕ್ಕಳು 2021ರ ಅಕ್ಟೋಬರ್‌ನಲ್ಲಿ ಗುರುಗ್ರಾಮದಲ್ಲಿ ಕಂಪನಿ ಕಚೇರಿ ಎದುರೇ ಕೂತು ಪ್ರತಿಭಟಿಸಿದ್ದು ಸುಮ್ನೆ ಅಲ್ಲ. ನಮ್ಮ ರಾಜ್ಯದಲ್ಲಿ ಈ ವರ್ಷ ಗಿಗ್ ಕಾರ್ಮಿಕರ, ಅಂದರೆ ಹೀಗೆ ಆಪ್ ಮೂಲಕ ಬಿಡಿ ಕೆಲಸ ಮಾಡುವವರ, ಕಾನೂನು ಬಂದಿದೆ. ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು, ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಒಳ್ಳೆಯದೇ. ಆದರೆ ಸ್ಟಾರ್ ಇಳಿದು ಬುಕಿಂಗ್ ಬಾರದೆ ಹೋದರೆ ಅದಕ್ಕೆ ಯಾವ ನೋಟಿಸೂ ಬರುವುದಿಲ್ಲ.

ಅವಳು ಹೋದಮೇಲೆ ರಿವ್ಯೂ ಬರೆಯಲು ಕೂತೆ. ಅಮ್ಮ ಪಕ್ಕದಲ್ಲೇ. "ಚೆನ್ನಾಗಿ ಮಾಡಿದ್ಲು ಅಂತ ಬರೆದರೆ ಏನು ಬಂತು? ಶುಗರ್ ಕೇಳಿದ್ಲು, ಬ್ಲೇಡ್ ಹಾಕಲಿಲ್ಲ ಅಂತ ಬರಿ." ಹಾಗೇ ಬರೆದೆ. ಬಣ್ಣಕ್ಕೆ ಗುರುವಾರ ಅದೇ ಹುಡುಗಿಯನ್ನು ಆರಿಸಿ ಬುಕ್ ಮಾಡಿದ್ದೇನೆ. ಕಿವಿ ಹಿಂದಿನ ಚುಕ್ಕೆ ಕೆಂಪಾದರೆ ಕ್ಯಾನ್ಸಲ್. ಆಗ ನರೆಗೂದಲಲ್ಲೇ ಮದುವೆಗೆ ಬರುತ್ತಾರಂತೆ ಅಮ್ಮ.