ಕೊಬ್ಬರಿ ಹಡಗು ಬರುವ ವಾರ ಹೊಸ ಪಾಠ ಶುರು ಮಾಡಬೇಡಿ

ವನುವಾಟು ಎಂದರೆ ಅದೆಲ್ಲಿದೆ ಎಂದು ಕೇಳುವವರೇ ಜಾಸ್ತಿ. ಆಸ್ಟ್ರೇಲಿಯಾದಿಂದ ಪೂರ್ವಕ್ಕೆ ಹೊರಟರೆ ಫಿಜಿಗಿಂತ ಮೊದಲು ಸಿಗುವ, ಎಂಬತ್ತಕ್ಕೂ ಹೆಚ್ಚು ದ್ವೀಪಗಳ ದೇಶ ಅದು. 1980ರವರೆಗೆ ಬ್ರಿಟಿಷರು, ಫ್ರೆಂಚರು ಇಬ್ಬರೂ ಸೇರಿ ಆಳಿದ್ದರು. ಹಾಗಾಗಿ ಈಗಲೂ ಇಂಗ್ಲಿಷ್ ಶಾಲೆ ಬೇರೆ, ಫ್ರೆಂಚ್ ಶಾಲೆ ಬೇರೆ. ನಾನು ಸ್ವಯಂಸೇವಕ ಟೀಚರ್ ಆಗಿ ಇದ್ದದ್ದು ಮಾಲೆಕುಲಾ ದ್ವೀಪದ ಕರಾವಳಿಯ ಒಂದು ಇಂಗ್ಲಿಷ್ ಪ್ರೈಮರಿ ಶಾಲೆಯಲ್ಲಿ. ಮಕ್ಕಳು ಮನೆಯಲ್ಲಿ ಊರಿನ ಭಾಷೆ, ಆಟದ ಬಯಲಲ್ಲಿ ಬಿಸ್ಲಾಮಾ (ಇಂಗ್ಲಿಷ್ ಪದಗಳಿಂದಲೇ ಹುಟ್ಟಿದ, ದೇಶಕ್ಕೆಲ್ಲ ಸಾಮಾನ್ಯವಾದ ಆಡುಭಾಷೆ), ನನ್ನ ಎದುರು ಇಂಗ್ಲಿಷ್ ಆಡುತ್ತಿದ್ದರು. ಆ ವಯಸ್ಸಿಗೇ ಮೂರು ಭಾಷೆ!

ಬೆಳಿಗ್ಗೆ ಖಾಲಿ ಗ್ಯಾಸ್ ಸಿಲಿಂಡರ್ ಬಡಿದರೆ ಅದೇ ಗಂಟೆ. ಪ್ರಾರ್ಥನೆ, ಬಾವುಟ, ಆಮೇಲೆ ಅಂಗಳ ಗುಡಿಸುವುದು. ಹುಲ್ಲು ಕೊಯ್ಯುವ ದಿನ ಮಕ್ಕಳು ಮನೆಯಿಂದ ಮಚ್ಚು ಹಿಡಿದು ಬರುತ್ತಿದ್ದರು. ಮೊದಮೊದಲು ನನಗೆ ಎದೆ ಧಸಕ್ಕೆನ್ನುತ್ತಿತ್ತು, ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಕಟ್ಟಡಕ್ಕೆ ಸೋಗೆ, ಇನ್ನೊಂದಕ್ಕೆ ತಗಡು. ಸೋಗೆಯ ಕೆಳಗೆ ತಂಪು. ಆದರೆ ಕುಡಿಯುವ ನೀರು ಟ್ಯಾಂಕಿಗೆ ಬರುವುದು ತಗಡಿನ ಮೇಲೆ ಬಿದ್ದ ಮಳೆಯಿಂದಲೇ. ಜೋರು ಮಳೆ ಬಂತೆಂದರೆ ತಗಡಿನ ಕೆಳಗೆ ಟೀಚರ್ ಕೂಗಿದ್ದು ಮುಂದಿನ ಸಾಲಿಗೂ ಕೇಳುವುದಿಲ್ಲ. ಆಗ ಬೋರ್ಡಿನ ಮೇಲೆ ಬರೆದು ತೋರಿಸಬೇಕು, ಅಷ್ಟೇ.

ಇವೆಲ್ಲ ಬೇಗ ಅಭ್ಯಾಸವಾಗುತ್ತವೆ. ನಿಜವಾದ ಕೆಲಸ ಇದ್ದದ್ದು ಹಾಜರಿ ಪುಸ್ತಕದಲ್ಲಿ.

ಅಲ್ಲಿ ಹಳ್ಳಿಯ ಮನೆಗಳಿಗೆ ಕೈಗೆ ನಗದು ಬರುವುದು ಮುಖ್ಯವಾಗಿ ಕೊಬ್ಬರಿ, ಕೋಕೋ, ಮತ್ತು ಮತ್ತು ಬರಿಸುವ ಪಾನೀಯ ಮಾಡುವ ಕಾವಾ ಗಿಡದ ಬೇರಿನಿಂದ. ಅಕ್ಕನೋ ಅಣ್ಣನೋ ದೂರದ ಹೈಸ್ಕೂಲಿನ ಹಾಸ್ಟೆಲ್‌ನಲ್ಲಿದ್ದರೆ ಫೀಸು ಕಟ್ಟಬೇಕು. ಕೊಬ್ಬರಿ ಒಯ್ಯುವ ಹಡಗು ಬರುವ ಸುದ್ದಿ ಬಂದರೆ ಇಡೀ ಮನೆ ತೋಟದಲ್ಲಿರುತ್ತದೆ. ಚಿಕ್ಕವರಿಗೆ ಬಿದ್ದ ಕಾಯಿ ಆರಿಸುವ ಕೆಲಸ. ನಾನು ತಿಪಟೂರು ಕಡೆಯವಳು. ನಮ್ಮಲ್ಲಿ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ತಾನೇ ಉಂಡೆ ಕೊಬ್ಬರಿ ಆಗುತ್ತದೆ. ಅಲ್ಲಿ ಹಾಗಲ್ಲ. ಕಾಯಿ ಒಡೆದು, ತಿರುಳು ಬಿಡಿಸಿ, ಬೆಂಕಿಯ ಶಾಖದಲ್ಲಿ ಕೆಲವೇ ದಿನಗಳಲ್ಲಿ ಒಣಗಿಸಿ ಚೀಲಕ್ಕೆ ತುಂಬುತ್ತಾರೆ. ಅದು ಎಣ್ಣೆಗೆ ಹೋಗುವ ಮಾಲು. ಕಾಯುವಷ್ಟು ಪುರುಸೊತ್ತು ಇಲ್ಲ, ಅಷ್ಟು ಜಾಗವೂ ಇಲ್ಲ.

ಹೀಗಾಗಿ ಸೋಮವಾರ ಬಂದ ಮಗು ಬುಧವಾರ ಇಲ್ಲ. ಬುಧವಾರ ಬಂದವನು ಸೋಮವಾರ ಬಂದಿರಲಿಲ್ಲ. ನನಗೆ ತರಬೇತಿಯಲ್ಲಿ ಕೊಟ್ಟ ಪಾಠಯೋಜನೆಯ ನಮೂನೆಯಲ್ಲಿ ಇವತ್ತಿನದರ ಮೇಲೆ ನಾಳೆಯದು, ಅದರ ಮೇಲೆ ನಾಡಿದ್ದಿನದು ಎಂದು ವಾರಗಟ್ಟಲೆ ಸರಪಳಿ. ಒಂದು ಕೊಂಡಿ ತಪ್ಪಿದ ಮಗು ಆ ಇಡೀ ತಿಂಗಳು ಕಿಟಕಿ ನೋಡುತ್ತಾ ಕೂರಬೇಕಾಗುತ್ತದೆ.

ನನ್ನ ಜೊತೆ ಕಲಿಸುತ್ತಿದ್ದ ಅದೇ ಊರಿನ ಟೀಚರ್ ಆ ನಮೂನೆಯನ್ನು ಒಮ್ಮೆ ಓದಿ, ನಕ್ಕು, ವಾಪಸ್ ಕೊಟ್ಟರು. ಅವರ ಲೆಕ್ಕವೇ ಬೇರೆ. ಹಡಗು ಬರುವ ವಾರ ಹೊಸ ವಿಷಯ ಎತ್ತುತ್ತಿರಲಿಲ್ಲ. ಉಳಿದ ವಾರಗಳಲ್ಲೂ ಒಂದು ದಿನದ ಪಾಠ ಆ ದಿನವೇ ಮುಗಿಯಬೇಕು. ಬೋರ್ಡಿನ ಎಡ ಮೂಲೆಯಲ್ಲಿ ಹಿಂದಿನ ದಿನದ ಎರಡು ಲೆಕ್ಕ ಯಾವಾಗಲೂ ಇರುತ್ತಿದ್ದವು. ಬಂದಿದ್ದ ಮಗು ಬಾರದಿದ್ದ ಮಗುವಿಗೆ ಅದನ್ನು ಮಾಡಿ ತೋರಿಸಬೇಕು. ಟೀಚರ್ ಬಾಯಿ ಹಾಕುವಂತಿಲ್ಲ. ಎರಡು ತರಗತಿ ಒಂದೇ ಕೋಣೆಯಲ್ಲಿ ಇದ್ದುದರಿಂದ ದೊಡ್ಡವರಿಗೂ ಇದರಲ್ಲೇ ಪುನರಾವರ್ತನೆ ಆಗಿಹೋಗುತ್ತಿತ್ತು.

ಆ ಕ್ರಮ ಹಿಡಿದ ಮೇಲೆ ಶೇಕಡಾವಾರು ಲೆಕ್ಕವನ್ನು ತೋಟದಿಂದ ಮರಳಿದ ಹುಡುಗರಿಂದಲೇ ಶುರು ಮಾಡಿಸಿದೆ. ಹಸಿ ತಿರುಳು ನೂರು ಕೆಜಿ ಇದ್ದರೆ ಒಣಗಿದ ಮೇಲೆ ಕೊಬ್ಬರಿ ಎಷ್ಟು? ಹಸಿಯಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಪುಸ್ತಕ ಮುಟ್ಟದ ಹುಡುಗ ಥಟ್ಟನೆ ಹೇಳಿದ. ಶಾಲೆ ತಪ್ಪಿಸದ ಹುಡುಗಿಯರು ಆ ದಿನ ಅವನ ಹತ್ತಿರ ಪ್ರಶ್ನೆ ಕೇಳುತ್ತಿದ್ದರು. ಸರಿಯಾಗಿ ಒಣಗದ ಚೀಲಕ್ಕೆ ದರ ಯಾಕೆ ಕಡಿಮೆ ಎನ್ನುವ ಜಗಳದಲ್ಲಿ ಆ ಪಾಠ ಮುಗಿಯಿತು. ಇಂಥ ಪಾಠ ನನ್ನ ನಮೂನೆಯಲ್ಲಿ ಎಲ್ಲಿತ್ತು ಹೇಳಿ?

ಆದರೂ ತಿಂಗಳ ವರದಿಯಲ್ಲಿ ಸಿಲಬಸ್ ಎಷ್ಟು ಮುಗಿದಿದೆ ಎಂಬ ಕಾಲಂ ತುಂಬಲೇಬೇಕಿತ್ತು. ತುಂಬಿದೆವು. ಯಾವ ಮಗುವಿಗೆ ಎಷ್ಟು ಬಂತು ಎನ್ನುವ ಕಾಲಂ ಅದರಲ್ಲಿ ಇರಲಿಲ್ಲ. ಅದಕ್ಕೆ ಆ ಟೀಚರ್ ಬೇರೆಯೇ ಒಂದು ನೋಟ್‌ಬುಕ್ ಇಟ್ಟಿದ್ದರು. ನಾನು ಹೊರಟ ಮೇಲೂ ಅದು ನಡೆಯುವಂಥದ್ದು, ಯಾಕೆಂದರೆ ಅದು ನನ್ನದಲ್ಲ.

ಸಂಜೆ ಗಂಡಸರು ನಕಮಾಲ್‌ನಲ್ಲಿ, ಅಂದರೆ ಊರವರು ಸೇರುವ ಜಾಗದಲ್ಲಿ, ಕಾವಾ ಕುಡಿಯುತ್ತಾರೆ. ಊಟಕ್ಕೆ ಗೆಣಸು, ಕೆಸುವಿನ ಗಡ್ಡೆ, ಅನ್ನ, ಡಬ್ಬಿ ಮೀನು. ಭಾನುವಾರ ಲಾಪ್‌ಲಾಪ್. ಗಡ್ಡೆ ತುರಿದು, ತೆಂಗಿನ ಹಾಲು ಹಾಕಿ, ಎಲೆಯಲ್ಲಿ ಸುತ್ತಿ ಬಿಸಿ ಕಲ್ಲಿನ ಮೇಲೆ ಬೇಯಿಸುತ್ತಾರೆ. ನಮ್ಮ ಎಲೆ ಕಡುಬಿನ ದೊಡ್ಡಣ್ಣ.

ಹೋಗುವ ಯೋಚನೆ ಇದ್ದವರಿಗೆ ಇಷ್ಟು ಹೇಳುತ್ತೇನೆ. ಒಂದು ತಿಂಗಳು, ಎರಡು ತಿಂಗಳಿಗೆಂದು ಸುಮ್ನೆ ಹೋಗಬೇಡಿ, ಬಿಸ್ಲಾಮಾ ಕಿವಿಗೆ ಹತ್ತುವಷ್ಟರಲ್ಲಿ ವಾಪಸ್ ಬರುತ್ತೀರಿ. ಶಾಲೆ ವರ್ಷದ ಆರಂಭದಲ್ಲಿ ಶುರುವಾಗುತ್ತದೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2020ರ ಏಪ್ರಿಲ್‌ನಲ್ಲಿ ಹರೋಲ್ಡ್ ಚಂಡಮಾರುತ ಪಕ್ಕದ ಸ್ಯಾಂಟೊ, ಪೆಂಟೆಕೋಸ್ಟ್ ದ್ವೀಪಗಳಲ್ಲಿ ಶಾಲೆಗಳನ್ನೇ ಕೆಡವಿತ್ತು. ಲ್ಯಾಪ್‌ಟಾಪ್‌ಗಿಂತ ಗಟ್ಟಿ ಮುಚ್ಚಳದ ಡಬ್ಬಗಳು ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಅಲ್ಲಿನ ತೇವದ ಗಾಳಿಗೆ ಕಾಗದ ಮೆತ್ತಗಾಗುತ್ತದೆ, ಸೀಮೆಸುಣ್ಣವೂ ಬರೆಯುವುದಿಲ್ಲ. ಅಲ್ಲಿಗೆ ಹೋಗಿ ಇಳಿದ ವಾರವೇ ಕೇಳಿಕೊಳ್ಳಿ, ಹಡಗು ಯಾವಾಗ ಬರುತ್ತದೆ ಅಂತ.