ಥಾರ್‌ಗೆ ಹೊಸ ಪಟ್ಟಿ

ನವೆಂಬರ್ ತಿಂಗಳ ಬೆಳಿಗ್ಗೆ ಆರೂವರೆ. ಗಂಗಾವತಿಯ ರೈಸ್ ಮಿಲ್ಲೊಂದರ ವೇ ಬ್ರಿಡ್ಜ್, ಅಂದರೆ ಗಾಡಿ ತೂಗುವ ಕಟ್ಟೆಯ ಮುಂದೆ ಭತ್ತದ ಲಾರಿಗಳ ಸಾಲು. ಆ ಸಾಲಿನ ನಡುವೆ ನಮ್ಮ ಥಾರ್ ಜೀಪು. ಒಳಗೆ ಅವ್ವ, ಹೆಂಡತಿ, ಮಗಳು, ಮಗ, ಎರಡು ಕ್ಯಾನ್ ನೀರು, ಹಾಸಿಗೆ ಸುರುಳಿ, ಸ್ಟೌ, ಟೂಲ್ ಬಾಕ್ಸ್.

"ಏನ್ ಮಾಲ್ ರೀ ಸರ?" ಅಂದ ಕಿಟಕಿಯ ಹುಡುಗ.

ಮಾಲ್ ಏನಿಲ್ಲಪ್ಪ, ಮನಿಮಂದಿ, ಬರೀ ತೂಕ ಬೇಕು ಅಂದೆ. ಮೊದಲು ಮುಂದಿನ ಗಾಲಿ ಮಾತ್ರ, ಆಮೇಲೆ ಪೂರ್ತಿ ಗಾಡಿ, ಕೊನೆಗೆ ಹಿಂದಿನ ಗಾಲಿ ಮಾತ್ರ ತೂಗಬೇಕಿತ್ತು. ಅವನು ಬೇಸರಪಟ್ಟುಕೊಳ್ಳದೆ ಮೂರು ಚೀಟಿ ಕೊಟ್ಟ. ಹಿಂದಿನ ಸಂಜೆ ಖಾಲಿ ಗಾಡಿಯನ್ನೂ ಹೀಗೆಯೇ ತೂಗಿಸಿದ ಚೀಟಿಗಳು ಆಗಲೇ ಜೇಬಿನಲ್ಲಿದ್ದವು. ನಾನೊಬ್ಬನೇ ಕೂತಾಗ 1,830 ಕೆಜಿ, ಎಲ್ಲರೂ ಕೂತಾಗ 2,170. ಹೆಚ್ಚಾದ 340 ಕೆಜಿಯಲ್ಲಿ ಮುಂದಿನ ಗಾಲಿಗಳಿಗೆ ಹೋದದ್ದು 50, ಹಿಂದಿನವಕ್ಕೆ 290. ಈ ಎರಡು ಅಂಕಿ ಕೈಗೆ ಸಿಗುವವರೆಗೆ ಎರಡು ತಿಂಗಳು ನಾನು ಬೇರೇನೋ ಲೆಕ್ಕ ಹಾಕುತ್ತಿದ್ದೆ.

ಶುರುವಾದದ್ದು ದಸರಾ ರಜೆಯಲ್ಲಿ. ಕನಕಗಿರಿ, ತಾವರಗೇರಾ, ಮುದಗಲ್ ದಾಟಿ ಕೃಷ್ಣಾ ನದಿಯ ಜಲದುರ್ಗ ನೋಡಿ ಬರೋಣ ಅಂತ ಹೊರಟಿದ್ದೆವು. ಎರೆ ಹೊಲದ ನಡುವೆ ಹಾಯುವ ರಸ್ತೆ ನಮ್ಮ ಕಡೆಯವರಿಗೆ ಗೊತ್ತು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಏಳುತ್ತ ಬೀಳುತ್ತ ಅಲೆಅಲೆಯಾಗುತ್ತದೆ. ಕಣ್ಣಿಗೆ ಗುಂಡಿ ಕಾಣುವುದಿಲ್ಲ, ಅರವತ್ತರ ವೇಗದಲ್ಲಿ ಹೋದರೆ ಮಾತ್ರ ಗಾಡಿ ತೆಪ್ಪದ ಹಾಗೆ ತೂಗುತ್ತದೆ. ಮುದಗಲ್ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಮೊದಲ ಅಲೆಗೆ ಹಿಂಬದಿ ಎದ್ದಿತು, ಎರಡನೆಯದಕ್ಕೆ ಇನ್ನೂ ಮೇಲೆದ್ದಿತು, ಮೂರನೆಯದಕ್ಕೆ ಧಡ್ ಅಂತ ಕೂತಿತು. ಎದುರುಬದುರಿನ ಹಿಂದಿನ ಸೀಟಿನಲ್ಲಿದ್ದ ಮಗಳ ಹಣೆ ಹುಡ್‌ನ ಪೈಪಿಗೆ ಬಡಿಯಿತು. ನೆಲ್ಲಿಕಾಯಿ ಗಾತ್ರದ ಬಾವು. ಮುದಗಲ್‌ನಲ್ಲಿ ಐಸ್ ಇಟ್ಟು, ಜಲದುರ್ಗ ನೋಡದೆಯೇ ತಿರುಗಿ ಬಂದೆವು. ದಾರಿಯುದ್ದಕ್ಕೂ ಹೆಂಡತಿ ಒಂದು ಮಾತೂ ಆಡಲಿಲ್ಲ.

ಗಾಡಿ 2013ರದು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಮುಂದೆ ಟಾರ್ಷನ್ ಬಾರ್, ಅಂದರೆ ಚಾಸಿಯ ಉದ್ದಕ್ಕೆ ಮಲಗಿದ ಉಕ್ಕಿನ ಸರಳು. ತಿರುಚಿಕೊಳ್ಳುತ್ತಲೇ ಅದು ಭಾರ ಹೊರುತ್ತದೆ. ಹಿಂದೆ ಲಾರಿಗಿದ್ದಂತೆ ಕಮಾನ್ ಪಟ್ಟಿ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಎಲೆಗಳು. ಭಾರ ಹೊತ್ತು ಕುಲುಕಾಟ ತಡೆಯುವ ಈ ಏರ್ಪಾಟನ್ನು, ಅಂದರೆ ಸಸ್ಪೆನ್ಶನ್ನನ್ನು, ಬದಲಿಸಲೇಬೇಕೆಂದು ನಿರ್ಧರಿಸಿ ಕೈಯಲ್ಲಿದ್ದ 30,000 ರೂಪಾಯಿ ಹಿಡಿದು ವಿಚಾರಿಸತೊಡಗಿದೆ. ಬೆಂಗಳೂರಿನ ಅಂಗಡಿಯೊಂದರವರು ಎರಡು ಇಂಚು ಎತ್ತರಿಸುವ ಕಿಟ್‌ಗೆ 85,000 ಹೇಳಿದರು. ಸಾಲ ಮಾಡಿಯಾದರೂ ಅದನ್ನೇ ಹಾಕಿಸೋಣ ಎಂಬಲ್ಲಿಗೆ ನನ್ನ ಮನಸ್ಸು ಬಂದಿತ್ತು. ಮಗಳ ಹಣೆ ನೋಡಿದಾಗಲೆಲ್ಲ ದುಡ್ಡು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಅದಕ್ಕೂ ಮೊದಲು ಹಳೆಯ ಪಟ್ಟಿ ಒಮ್ಮೆ ತೋರಿಸೋಣವೆಂದು ಲಾರಿ ಪಟ್ಟಿ ಕಟ್ಟುವ ಚಾಚಾ ಅವರ ಅಂಗಡಿಗೆ ಹೋದೆ. ಅವರು ಮೊದಲು ಟೇಪ್ ಹಿಡಿದು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದರು. ಹಿಂದಿನ ಎಡಭಾಗ ಬಲಕ್ಕಿಂತ 18 ಮಿಲಿಮೀಟರ್ ಕುಸಿದಿತ್ತು. ಶಾಕ್ ಅಬ್ಸಾರ್ಬರ್‌ನ ಮೈಗೆ ಎಣ್ಣೆ ಒಸರಿ, ಅದರ ಮೇಲೆ ಧೂಳು ಕೂತು ಕರಿ ಹಿಟ್ಟಿನಂತಾಗಿತ್ತು.

"ಮಾಸ್ತರ, ಭಾರ ಹೊರೋದು ಪಟ್ಟಿ. ಶಾಕ್ ಅಬ್ಸಾರ್ಬರ್ ಭಾರ ಹೊರಂಗಿಲ್ಲ, ಕುಣಿಯೋದನ್ನ ಹಿಡೀತೈತಿ. ನಿಮ್ಮ ಗಾಡ್ಯಾಗ ಹಿಡಿಯೋದು ಸತ್ತೈತಿ, ಹೊರೋದು ಸೋತೈತಿ. ಎರಡನ್ನೂ ಬ್ಯಾರೆ ಬ್ಯಾರೆ ನೋಡ್ಬೇಕು."

ಎಡಗಡೆಯ ಪಟ್ಟಿ ಬಿಚ್ಚಿದಾಗ ನಾನು ಮರೆತಿದ್ದ ಸಂಗತಿಯೊಂದು ಹೊರಬಂತು. ಎರಡು ವರ್ಷದ ಹಿಂದೆ ಬೇರೆ ಊರಿನ ಅಂಗಡಿಯೊಂದರಲ್ಲಿ, ಹಿಂಬದಿ ಕೂರುತ್ತದೆ ಅಂದಾಗ, ದೊಡ್ಡ ಗಾಡಿಯ ಹಳೆ ಪಟ್ಟಿ ಕತ್ತರಿಸಿ ಒಂದು ಎಲೆ ಹೆಚ್ಚಿಗೆ ಸೇರಿಸಿದ್ದರು. ಅದರ ಬಾಗು ಉಳಿದ ಎಲೆಗಳ ಬಾಗಿಗೆ ಹೊಂದಿರಲಿಲ್ಲ. ಚಾಚಾ ಎಲ್ಲಕ್ಕಿಂತ ಉದ್ದದ ಮೇನ್ ಪಟ್ಟಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಬಟ್ಟೆಯಿಂದ ನೆನೆಸಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟರು. ಆಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ನನ್ನ ಕಡೆ ಕೈ ಚಾಚಿ "ಚಾಕ್‌ಪೀಸ್ ಐತೇನ್ರಿ?" ಅಂದರು. ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಇರುತ್ತದೆ. ಅದನ್ನು ಅಡ್ಡ ಹಿಡಿದು ಪಟ್ಟಿಯ ಮೇಲೆಲ್ಲ ಬೆಳ್ಳಗೆ ಸವರಿ, ಸುತ್ತಿಗೆಯಿಂದ ಎರಡು ಸಲ ತಟ್ಟಿದರು. ಸೆಂಟರ್ ಬೋಲ್ಟಿನ ತೂತಿನಿಂದ ಅಂಚಿನ ಕಡೆಗೆ ಬಿಳಿಯ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ನಿಧಾನವಾಗಿ ಮೂಡಿತು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆಯನ್ನು ಚಾಕ್ ಹೊರಗೆಳೆದಿತ್ತು. ಬೆರಳಾಡಿಸಿದರೆ ಏನೂ ತಿಳಿಯದು. ಆ ಗೆರೆಯ ಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಎರಡು ವರ್ಷ ಓಡಾಡಿದ್ದೆ ಅನ್ನುವುದು ನೆನಪಾಗಿ ಕೈಕಾಲು ತಣ್ಣಗಾದವು.

ಹಳೆಯದನ್ನೇ ಬಾಗಿಸಿ ಕಮಾನು ಎತ್ತಿಸುವ ದಾರಿ ಅಲ್ಲಿಗೆ ಮುಚ್ಚಿತು. ಪಟ್ಟಿ ಗಟ್ಟಿ ಇದ್ದರೂ ತಣ್ಣಗೆ ಬಡಿದು ಎತ್ತಿದ್ದು ಮತ್ತೆ ಕೂತುಬಿಡುತ್ತದೆ, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟರೆ ಮಾತ್ರ ನಿಲ್ಲುತ್ತದೆ ಅಂದರು ಚಾಚಾ. ಹಾಗಾದರೆ ಹೆಚ್ಚು ಭಾರ ಹೊರುವ ದಪ್ಪ ಪಟ್ಟಿ ಹಾಕಿಬಿಡಿ ಅಂದೆ.

"ಭಾರ ಎಷ್ಟು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ವೇ ಬ್ರಿಡ್ಜ್‌ಗೆ ಕಳಿಸಿದ್ದು ಅವರೇ. ಹಳೆ ಪಟ್ಟಿಯನ್ನೇ ತಿರುಗಿ ಜೋಡಿಸಿ, ಎರಡು ದಿನ ಊರು ಬಿಟ್ಟು ಹೋಗಬೇಡಿ ಅಂತ ಹೇಳಿ ಕೊಟ್ಟರು. ಚೀಟಿಗಳನ್ನು ತಂದು ಕೊಟ್ಟಾಗ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದರು.

"ವರ್ಷಕ್ಕ ಎಷ್ಟು ದಿನ ಹಿಂಗ ತುಂಬತೀರಿ?"

ದಸರಾ, ಡಿಸೆಂಬರ್, ಬೇಸಿಗೆ ರಜೆ ಕೂಡಿಸಿದರೆ ಇಪ್ಪತ್ತೈದು ದಿನ.

"ಉಳಿದ ದಿನ ಒಬ್ಬರ ಸಾಲಿಗೆ ಹೋಗ್ತೀರಿ. ಇಪ್ಪತ್ತೈದು ದಿನದ ಸಲುವಾಗಿ ವರ್ಷಪೂರ್ತಿ ಯಾಕ ಬೆನ್ನು ಮುರಕೋತೀರಿ? ಕಂಪನಿ ಕೊಟ್ಟಷ್ಟೇ ಪಟ್ಟಿ ಸಾಕು. ಶಾಕ್ ಅಬ್ಸಾರ್ಬರ್ ಮಾತ್ರ ಚಲೋದು ಹಾಕಸ್ರಿ."

ನಾನು ಅವರ ಮಾತು ಒಪ್ಪಿದೆ, ಇವತ್ತಿಗೂ ಒಪ್ಪುತ್ತೇನೆ. ದಪ್ಪ ಪಟ್ಟಿ ತುಂಬಿದ ಗಾಡಿಗೆ ಸರಿ, ಖಾಲಿ ಗಾಡಿಯಲ್ಲಿ ಅದು ಬಾಗುವುದೇ ಇಲ್ಲ, ಏಟೆಲ್ಲ ನೇರ ಸೀಟಿಗೆ ಬರುತ್ತದೆ. ಎತ್ತರದ ಆಸೆಯನ್ನೂ ಅಲ್ಲೇ ಬಿಟ್ಟೆ. ಟಾರ್ಷನ್ ಬಾರ್‌ನ ಬೋಲ್ಟ್ ತಿರುಗಿಸಿದರೆ ಮುಂಭಾಗ ಪುಕ್ಕಟೆಯಾಗಿ ಏಳುತ್ತದೆ, ನಿಜ. ಆದರೆ ಸರಳು ಅದರಿಂದ ಗಟ್ಟಿಯಾಗುವುದಿಲ್ಲ. ಗಾಲಿ ಕೆಳಗಿಳಿಯಲು ಇರುವ ಜಾಗ ಕಡಿಮೆಯಾಗುತ್ತದೆ, ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಗಾಲಿ ತಿರುಗಿಸುವ ಡ್ರೈವ್ ಶಾಫ್ಟ್‌ನ ಜಾಯಿಂಟ್‌ಗಳು ಓರೆಯಾಗಿ ಬೇಗ ಸವೆಯುತ್ತವೆ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯೂ ಇದೆ. ಮುಂದಿನ ಗಾಲಿಗೆ ಬಿದ್ದದ್ದು ಬರೀ 50 ಕೆಜಿ. ಜೋಡಣೆಯ ರಬ್ಬರ್ ಬುಷ್ ಮತ್ತು ಶಾಕ್ ಅಬ್ಸಾರ್ಬರ್ ಬಿಟ್ಟು ಅಲ್ಲಿ ಬೇರೇನೂ ಬೇಕಿರಲಿಲ್ಲ.

ಹಿಂದಿನ ಪಟ್ಟಿ ಜೋಡಿ 13,000, ನಾಲ್ಕು ಗ್ಯಾಸ್ ಶಾಕ್ ಅಬ್ಸಾರ್ಬರ್ 11,600, ಬುಷ್, ಪಟ್ಟಿಯನ್ನು ಚಾಸಿಗೂ ಆಕ್ಸಲ್‌ಗೂ ಹಿಡಿದಿಡುವ ಶ್ಯಾಕಲ್ ಪಿನ್, ಯು-ಬೋಲ್ಟ್ 2,600, ಕೂಲಿ ಮತ್ತು ಅಲೈನ್‌ಮೆಂಟ್ 3,100. ಮುನ್ನೂರು ರೂಪಾಯಿ ಮೇಲಾಯಿತು. ಎಣ್ಣೆ ಮಾತ್ರ ಇರುವ ಶಾಕ್ ಅಬ್ಸಾರ್ಬರ್ ಕಡಿಮೆಗೆ ಸಿಗುತ್ತಿತ್ತು. ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದಾಗ ಅದರೊಳಗಿನ ಎಣ್ಣೆ ಕಾದು ನೊರೆಯೇಳುತ್ತದೆ, ಹಿಡಿತ ಹೋಗುತ್ತದೆ. ಒಳಗೆ ಗ್ಯಾಸಿನ ಒತ್ತಡ ಇದ್ದರೆ ನೊರೆ ಕಡಿಮೆ. ನಮ್ಮ ಕಡೆಯ ಬಿಸಿಲಿಗೆ, ಈ ಅಲೆಗಳಿಗೆ, ಉಳಿತಾಯ ಮಾಡಬಾರದ ಜಾಗ ಅದು.

ಜೋಡಿಸುವಾಗ ಚಾಚಾ ಮಾಡಿದ ಒಂದು ಕೆಲಸವನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಗಾಡಿ ಜಾಕ್ ಮೇಲಿರುವಾಗಲೇ ಅಂಗಡಿಯ ಹುಡುಗ ಪಟ್ಟಿಯ ತುದಿಯ ಸುರುಳಿಯ, ಅಂದರೆ ಕಣ್ಣಿನ, ಬೋಲ್ಟ್ ಬಿಗಿಯಲು ಹೊರಟ. ಚಾಚಾ ಅವನ ಕೈ ಹಿಡಿದರು. ಗಾಡಿ ಕೆಳಗಿಳಿಸಿ, ಭಾರವೆಲ್ಲ ಗಾಲಿಯ ಮೇಲೆ ಬಂದ ಮೇಲೆ ಬಿಗಿಸಿದರು. ಗಾಲಿ ತೂಗಾಡುತ್ತಿರುವಾಗ ಬಿಗಿದರೆ, ಇಳಿಸಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ.

ಡಿಸೆಂಬರ್ ಕೊನೆಯಲ್ಲಿ ಅದೇ ದಾರಿ ಹಿಡಿದೆವು. ನೀರಿನ ಕ್ಯಾನ್‌ಗಳನ್ನು ಈ ಸಲ ಬಾಗಿಲ ಹತ್ತಿರ ಇಡದೆ ಮುಂದಿನ ಸೀಟಿನ ಬೆನ್ನಿಗೆ ಕಟ್ಟಿದ್ದೆ. ಮುದಗಲ್ ಹತ್ತಿರದ ಆ ಅಲೆಗಳು ಬಂದಾಗ ವೇಗ ನಲವತ್ತಕ್ಕೆ ಇಳಿಸಿದೆ. ಹಿಂಬದಿ ಏಳುತ್ತಿತ್ತು, ಒಂದೇ ಸಲಕ್ಕೆ ಕೂರುತ್ತಿತ್ತು. ಮಗಳು ಎರಡೂ ಕೈಯಿಂದ ಪೈಪ್ ಹಿಡಿದುಕೊಂಡಿದ್ದಳು. ಮೂರನೇ ಅಲೆ ದಾಟಿದ ಮೇಲೆ ಒಂದು ಕೈ ಬಿಟ್ಟಳು. ಜಲದುರ್ಗದ ಕೋಟೆಗೋಡೆಯ ಮೇಲಿಂದ ಅವ್ವ ಬಹಳ ಹೊತ್ತು ಕೃಷ್ಣೆಯನ್ನೇ ನೋಡುತ್ತ ನಿಂತಿದ್ದಳು.

ಐನೂರು ಕಿಲೋಮೀಟರ್ ಆದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಬೇಕೆಂದು ಚಾಚಾ ಹೇಳಿದ್ದರು. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತು ಹೊಂದಿಕೊಂಡಾಗ ನಟ್ ಸಡಿಲಾಗುತ್ತವೆ. ಜನವರಿಯ ಮೊದಲ ವಾರ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದೆ. ಅವರು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ಒಂದೊಂದಕ್ಕೇ ಪಾನಾ ಹಾಕಿದರು. ಎಡಗಡೆಯ ಎರಡು ನಟ್ ಕಾಲು ಸುತ್ತು ಬಂದವು. ಬಲಗಡೆಯವು ಅಲುಗಲಿಲ್ಲ.